ಫೋನಕ್ಕ ಎದ್ದು ನಡೆದದ್ದು

ನಮ್ಮ ಆಫೀಸಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಮ್ಯಾನೇಜರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರ ಬಾಯಲ್ಲೂ ಅವರು ಫೋನಕ್ಕ. ನಮ್ಮದು ಲಿಫ್ಟುಗಳನ್ನು ನೋಡಿಕೊಳ್ಳುವ ಕಂಪನಿ. ನಮ್ಮ ಲಿಫ್ಟುಗಳಲ್ಲಿ ಯಾವುದಾದರೂ ನಡುದಾರಿಯಲ್ಲಿ ನಿಂತುಬಿಟ್ಟರೆ ಒಳಗೆ ಸಿಕ್ಕಿಕೊಂಡವರು ಹಳದಿ ಗುಂಡಿ ಒತ್ತುತ್ತಾರೆ; ಆ ಕರೆ ನೇರವಾಗಿ ಫೋನಕ್ಕನ ಮೇಜಿಗೆ ಬರುತ್ತದೆ. ಪಕ್ಕದ ಮೇಜು ನನ್ನದು. ಹೆರಿಗೆ ರಜೆ ಮುಗಿಸಿ ಬಂದ ಮೊದಲ ದಿನ, ಮಗುವನ್ನು ಅತ್ತೆಯ ಕೈಗೆ ಕೊಟ್ಟು ಬಂದ ಸಂಕಟದಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದೆ. ಅವರು ಯಾರೊಂದಿಗೋ ಮಾತಾಡುತ್ತಲೇ ತಮ್ಮ ಚಹಾದ ಲೋಟವನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು. ಇವರ ಬಗ್ಗೆ ಬರೆದಿಡಬೇಕು ಅಂತ ಅವತ್ತಿನಿಂದಲೂ ಅಂದುಕೊಳ್ಳುತ್ತಿದ್ದೆ. ಮೊನ್ನೆ ನಡೆದದ್ದನ್ನು ನೋಡಿದ ಮೇಲೆ ಇನ್ನು ತಡ ಮಾಡಬಾರದು ಅನ್ನಿಸಿತು.

ನಮ್ಮ ಕೆಲಸಕ್ಕೆ ಒಂದು ನಿಯಮವಿದೆ. ಒಳಗಿರುವವರು ಲಿಫ್ಟಿನಿಂದ ಹೊರಗೆ ಕಾಲಿಡುವ ತನಕ ನಾವು ಲೈನ್ ಬಿಡುವಂತಿಲ್ಲ. ಹೇಳುವುದು ಸುಲಭ. ಆದರೆ ಕಟ್ಟಡಗಳ ಬೀಗದಕೈ ನೇತುಹಾಕಿದ ಕಪಾಟು ಇರುವುದು ಎದುರು ಗೋಡೆಯಲ್ಲಿ. ಮೆಕ್ಯಾನಿಕ್‌ಗಳು ಕೂರುವ ಕೋಣೆ ಇರುವುದು ಓಣಿಯಂಥ ಉದ್ದ ದಾರಿಯ ಕೊನೆಯಲ್ಲಿ. ಫೋನಿನ ಸುರುಳಿ ವೈರು ಮಾತ್ರ ಮೇಜು ಬಿಟ್ಟು ಅತ್ತಿತ್ತ ಹೋಗುವುದಿಲ್ಲ. ಹಾಗಾಗಿ ಫೋನಕ್ಕ ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಅವುಚಿಕೊಂಡು, ಒಂದು ಕೈಯಲ್ಲಿ ಬರೆದುಕೊಳ್ಳುತ್ತಾ, ಇನ್ನೊಂದು ಕೈಯಿಂದ ರಿಸೀವರಿನ ಬಾಯಿ ಮುಚ್ಚಿ, "ಮೇಸ್ತ್ರೀ! ಬಟ್ಟೆ ಅಂಗಡಿ ಬಿಲ್ಡಿಂಗು! ಏಳಪ್ಪಾ ಬೇಗ!" ಎಂದು ಕೂಗು ಹಾಕುತ್ತಿದ್ದರು. ಕೈ ತೆಗೆದ ಮರುಕ್ಷಣ ದನಿ ಬೆಣ್ಣೆಯಾಗುತ್ತಿತ್ತು.

"ಹೂಂ, ಹೇಳಿ ತಾಯಿ. ಒಬ್ರೇ ಇದೀರಾ? ಒಳ್ಳೇದಾಯ್ತು ಬಿಡಿ, ಗಾಳಿಯೆಲ್ಲಾ ನಿಮಗೊಬ್ರಿಗೇ."

ಹೆದರಿ ನಡುಗುತ್ತಿದ್ದವರೂ ಇದಕ್ಕೆ ಫಕ್ಕನೆ ನಕ್ಕುಬಿಡುತ್ತಿದ್ದರು. ನಕ್ಕವರ ಉಸಿರು ತನ್ನಷ್ಟಕ್ಕೆ ಸರಿಹೋಗುತ್ತದೆ ಎನ್ನುವುದು ಅವರ ಲೆಕ್ಕಾಚಾರ.

ವರ್ಷಗಟ್ಟಲೆ ಹಾಗೆ ರಿಸೀವರ್ ಅವುಚಿಕೊಂಡದ್ದರ ಫಲ, ಅವರ ಕತ್ತು ಒಂದು ಕಡೆಗೆ ವಾಲಿಕೊಂಡೇ ನಿಂತಿತು. ಬೆಳಿಗ್ಗೆ ತಲೆ ಬಾಚಲು ಕೈ ಎತ್ತಿದರೆ ಕಣ್ಣಲ್ಲಿ ನೀರು. ಅವರ ಯಜಮಾನರು ಬಸ್ ನಿಲ್ದಾಣದ ಹತ್ತಿರ ಗಡಿಯಾರ ರಿಪೇರಿ ಮಾಡುತ್ತಾರೆ. ನನಗೆ ಭಾವ ಇದ್ದ ಹಾಗೆ. ದಿನವೂ ಸ್ಕೂಟರಿನಲ್ಲಿ ಅಕ್ಕನನ್ನು ತಂದು ಬಿಡುವಾಗ ಏನಾದರೂ ಒಂದು ಮಾತು ಎಸೆಯದೆ ಹೋಗುವವರಲ್ಲ.

"ನಿಮ್ಮಕ್ಕ ಮನೇಲೂ ಹೀಗೇ ವಾಲ್ಕೊಂಡು ಕೂರ್ತಾಳಮ್ಮ. ನನ್ನ ಹೆಗಲಿಗೆ ಒರಗೋಕೆ ಬರ್ತಿದಾಳೆ ಅಂತ ಇಷ್ಟು ದಿನ ಖುಷಿಪಟ್ಟಿದ್ದೆ. ಡಾಕ್ಟರು ನೋಡಿದ್ರೆ ಕತ್ತು ನೋವು ಅಂತಾರೆ."

"ನಿಮ್ಮ ಹೆಗಲಲ್ಲಿ ಏನಿದೆ, ಮೂಳೆ," ಎಂದು ಅಕ್ಕ ಬ್ಯಾಗು ಕಿತ್ತುಕೊಂಡು ಒಳಗೆ ನಡೆಯುತ್ತಿದ್ದರು.

ಡಾಕ್ಟರು ಮಾತ್ರ ತಮಾಷೆ ಮಾಡಲಿಲ್ಲ. ರಿಸೀವರ್ ಹೀಗೆ ಹಿಡಿಯುವುದನ್ನು ಇವತ್ತೇ ಬಿಡಿ, ಇಲ್ಲದಿದ್ದರೆ ಕೈ ಬೆರಳಿಗೂ ಜೋಮು ಇಳಿಯುತ್ತದೆ ಎಂದು ಬರೆದುಕೊಟ್ಟರು. ಮ್ಯಾನೇಜರ್ ಅದನ್ನು ಓದಿ, ಅಕ್ಕನನ್ನು ಕೂರಿಸಿ, ಮೃದುವಾಗಿಯೇ ಹೇಳಿದರು.

"ನೋಡಿ ಅಕ್ಕ, ಬಿಲ್ ಸೆಕ್ಷನ್‌ನಲ್ಲಿ ಒಂದು ಜಾಗ ಇದೆ. ಕಿಟಕಿ ಪಕ್ಕ. ಸಂಬಳ ಇಷ್ಟೇ ಇರುತ್ತೆ. ಕತ್ತಿಗೂ ಆರಾಮು."

ಆಚೆ ಬಂದ ಅಕ್ಕನ ಮುಖ ಕಳೆಗುಂದಿತ್ತು. "ಬಿಲ್ ಸೆಕ್ಷನ್ನಲ್ಲಿ ನಾನೇನು ಮಾಡ್ಲೇ? ಕಾಗದಕ್ಕೆ ಭಯ ಆಗುತ್ತಾ? ಅದಕ್ಕೆ ಸಮಾಧಾನ ಹೇಳೋಕಾಗುತ್ತಾ?" ಎಂದರು. ನಾನು ಅವರ ಕತ್ತಿಗೆ ಮುಲಾಮು ತಿಕ್ಕಿದೆ. ಅವರಿಗೆ ಆ ಕುರ್ಚಿ ಬರಿಯ ಉದ್ಯೋಗವಲ್ಲ ಎನ್ನುವುದು ನನಗೆ ಗೊತ್ತಿತ್ತು.

ಒಂದು ದಾರಿ ಉಳಿದಿತ್ತು. ವೈರಿಲ್ಲದ ಹೆಡ್‌ಸೆಟ್. ಅಕ್ಕನೇ ಮ್ಯಾನೇಜರ ಹತ್ತಿರ ಹೋಗಿ ಕೇಳಿದರು. ಅವರೂ ಒಳ್ಳೆಯ ಮನುಷ್ಯ. ಅಂಗಡಿಯೊಂದಕ್ಕೆ ಹೇಳಿ, ಪರೀಕ್ಷಿಸಿ ನೋಡಲು ಮೂರು ಬಗೆಯವನ್ನು ತರಿಸಿದರು. "ನಿಮಗೆ ಯಾವುದು ಸರಿ ಅನ್ಸುತ್ತೋ ಹೇಳಿ. ಅದನ್ನೇ ಎಲ್ಲಾ ಮೇಜಿಗೂ ಹಾಕಿಸೋಣ. ಒಂದೂ ಸರಿಹೋಗ್ಲಿಲ್ಲ ಅಂದ್ರೆ ಸೋಮವಾರದಿಂದ ಬಿಲ್ ಸೆಕ್ಷನ್. ಆಗ ಬೇಡ ಅನ್ನಬಾರದು."

ಹೆಡ್‌ಸೆಟ್ ತಂದವಳು ಚುರುಕಾದ ಹುಡುಗಿ. ಮೇಜಿನ ಮೇಲೆ ಮೂರು ಡಬ್ಬಿ ಬಿಚ್ಚಿಟ್ಟು, ಒಂದೊಂದರ ಗುಣಗಾನ ಮಾಡಿದಳು. ಮೊದಲನೆಯದು ಕಿವಿಯೊಳಗೇ ಕೂರುವಂಥದ್ದು, ಕಡಲೆಕಾಳಿಗಿಂತ ಒಂಚೂರು ದೊಡ್ಡದು. ತೋರಿಸಲೆಂದು ಅವಳು ಅದನ್ನು ಪಕ್ಕದಲ್ಲಿದ್ದ ಹಿರಿಯ ಮೆಕ್ಯಾನಿಕ್ ಮೇಸ್ತ್ರಿಯ ಮೊಬೈಲಿಗೆ ಜೋಡಿಸಿ, ಬಿಡಿಸುವುದನ್ನು ಮರೆತಳು. ಅದನ್ನು ಹಾಕಿಕೊಂಡಿದ್ದ ಅಕ್ಕ ಸ್ವಲ್ಪ ಹೊತ್ತಿಗೆ ಬೆಚ್ಚಿ ಕಿವಿ ಮುಟ್ಟಿಕೊಂಡರು.

"ಮೇಸ್ತ್ರಿ, ನಿನ್ನ ಹೆಂಡ್ತಿ ಕಣಪ್ಪ. ಟೊಮೇಟೊ ತರ್ಬೇಕಂತೆ. ನಿನ್ನೆಯೂ ಮರೆತ್ಯಂತೆ. ಇನ್ನೂ ಏನೇನೋ ಬೈತಿದಾಳೆ, ನಾನು ಕೇಳಿಸ್ಕೋಬಾರದು."

"ಕೇಳಿಸ್ಕೊಳ್ಳಿ ಫೋನಕ್ಕ, ಕೇಳಿಸ್ಕೊಳ್ಳಿ. ನಾನು ದಿನಾ ಕೇಳ್ತೀನಲ್ಲ, ಇವತ್ತೊಂದಿನ ನಿಮ್ಮ ಸರದಿ," ಎಂದ ಮೇಸ್ತ್ರಿ.

ಅದು ಬಗ್ಗಿದಾಗಲೆಲ್ಲ ಕಿವಿಯಿಂದ ಜಾರಿ ಬೀಳುತ್ತಿತ್ತು. ಒಮ್ಮೆ ಚಹಾಕ್ಕೂ ಬಿತ್ತು. ಅಲ್ಲಿಗೆ ಅದರ ಕಥೆ ಮುಗಿಯಿತು.

ಎರಡನೆಯದು ಭಾರಿ ಠೀವಿಯದು. ಎರಡೂ ಕಿವಿಗೆ ಮೆತ್ತನೆಯ ಗಾದಿ, ಬಾಯಿಯ ಮುಂದೆ ಬಾಗಿದ ಮೈಕು. ಸುತ್ತಲಿನ ಸದ್ದನ್ನೆಲ್ಲಾ ಸೋಸಿ ಬರಿಯ ನಮ್ಮ ಮಾತನ್ನು ಮಾತ್ರ ಆಚೆ ಕಳಿಸುತ್ತದಂತೆ. ಬದಿಯಲ್ಲೊಂದು ಮ್ಯೂಟ್ ಗುಂಡಿ. "ನೀವು ಆಫೀಸಿನವರ ಜೊತೆ ಮಾತಾಡ್ಬೇಕಾದ್ರೆ ಇದನ್ನ ಒತ್ತಿಬಿಡಿ ಮೇಡಂ. ಆ ಕಡೆಯವರಿಗೆ ಒಂದು ಚೂರೂ ಕೇಳಿಸಲ್ಲ. ನೀಟಾಗಿರುತ್ತೆ," ಎಂದು ಹುಡುಗಿ ಹೇಳಿಕೊಟ್ಟಳು. ಅಕ್ಕ ಅದನ್ನು ತಲೆಗೇರಿಸಿಕೊಂಡು ಎದ್ದು ನಿಂತರು. ಎರಡು ಹೆಜ್ಜೆ ನಡೆದರು. ವೈರು ಎಳೆಯಲಿಲ್ಲ. ಕಪಾಟಿನ ತನಕ ಹೋಗಿ ಬೀಗದಕೈಗಳನ್ನು ಸುಮ್ಮನೆ ಝಣಝಣ ಆಡಿಸಿ ಬಂದರು. ಆಗಿನ ಅವರ ಮುಖ ನೋಡಬೇಕಿತ್ತು! ನನ್ನ ಮಗು ಮೊದಲ ಸಲ ಗೋಡೆ ಬಿಟ್ಟು ನಿಂತಾಗ ಹೀಗೇ ಸುತ್ತಲಿನವರನ್ನೆಲ್ಲ ನೋಡಿತ್ತು.

"ಇದೇ ಇರ್ಲಿ," ಎಂದರು. ಮರುದಿನ ಬೆಳಿಗ್ಗೆ ಅದನ್ನೇ ಹಾಕಿಕೊಂಡು ಕೂತರು.

ಮಧ್ಯಾಹ್ನದ ಹೊತ್ತಿಗೆ ಒಂದು ಕರೆ ಬಂತು. ದಂತವೈದ್ಯರ ಕ್ಲಿನಿಕ್ ಇರುವ ಕಟ್ಟಡ, ಒಬ್ಬಳೇ ಹೆಂಗಸು, ಲಿಫ್ಟಿನೊಳಗೆ ದೀಪವೂ ಆರಿಹೋಗಿದೆ. ಅಕ್ಕ ಎಂದಿನಂತೆ ಹೆಸರು ಕೇಳಿದರು, ಕೂರಿಸಿದರು, ನಗಿಸಿದರು. ನಂತರ ಕಲಿತ ಪಾಠದಂತೆ ಮ್ಯೂಟ್ ಒತ್ತಿ, ಓಣಿಯುದ್ದಕ್ಕೂ ನಡೆದುಹೋಗಿ ಮೆಕ್ಯಾನಿಕ್‌ಗಳಿಗೆ ವಿವರ ಹೇಳಿದರು. ಬೀಗದಕೈ ತಪ್ಪು ಮೊಳೆಯಲ್ಲಿ ನೇತಾಡುತ್ತಿತ್ತು. ಹುಡುಕಲು ಸ್ವಲ್ಪ ಹೊತ್ತಾಯಿತು. ಅಷ್ಟರಲ್ಲಿ ಆ ಹೆಂಗಸು "ಹಲೋ? ಹಲೋ?" ಎನ್ನತೊಡಗಿದಳು. ಅಕ್ಕ ಹುಡುಕುತ್ತಲೇ, "ಇದೀನಮ್ಮಾ, ಇಲ್ಲೇ ಇದೀನಿ. ಗಾಬರಿ ಬೇಡ," ಎಂದರು. ಅವಳ ದನಿ ಏರಿತು. ಅಕ್ಕ ಇನ್ನೂ ಗಟ್ಟಿಯಾಗಿ, "ಇದೀನಿ ತಾಯಿ! ಇದೀನಿ!" ಎಂದರು. ಇಡೀ ಆಫೀಸಿಗೆ ಕೇಳಿಸಿತು. ಕೇಳಿಸದೆ ಉಳಿದದ್ದು ಅವಳೊಬ್ಬಳಿಗೇ. ಮ್ಯೂಟ್ ತೆಗೆದೇ ಇರಲಿಲ್ಲ.

ನಾನು ಓಡಿಹೋಗಿ ಗುಂಡಿ ಒತ್ತುವ ಹೊತ್ತಿಗೆ ಆ ಕಡೆಯಿಂದ ಬಾಗಿಲು ಬಡಿಯುವ ಸದ್ದು ಬಿಟ್ಟು ಮತ್ತೇನೂ ಇಲ್ಲ. ಮೆಕ್ಯಾನಿಕ್‌ಗಳು ಹೋಗಿ ಬಾಗಿಲು ತೆಗೆದಾಗ ಗೊತ್ತಾಯಿತು, ಅವಳು ಬೆರಳು ತೂರಿಸಿ ಬಾಗಿಲು ಬಿಡಿಸಲು ಹೋಗಿ ಉಗುರು ಕಿತ್ತುಕೊಂಡಿದ್ದಳು. ಕಟ್ಟಡದವರು ಮ್ಯಾನೇಜರಿಗೆ ಫೋನ್ ಮಾಡಿ ಝಾಡಿಸಿದರು.

ಸಂಜೆ ಅಕ್ಕ ತಾವಾಗಿ ಆಕೆಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಆಕೆ ಬೈಯಲಿಲ್ಲ. "ಲೈನ್ ಕಟ್ ಆಗಿದ್ರೆ ಇಷ್ಟು ಹೆದರ್ತಿರ್ಲಿಲ್ಲ ಅಕ್ಕ. ಲೈನ್ ಇತ್ತು. ಆದ್ರೆ ಅದರಲ್ಲಿ ಯಾರೂ ಇರಲಿಲ್ಲ," ಎಂದಳಂತೆ. ಆ ಮಾತು ಅಕ್ಕನ ಎದೆಗೆ ನಾಟಿತು. ಹೆಡ್‌ಸೆಟ್ ಕಳಚಿ ಡಬ್ಬಿಗೆ ಹಾಕಿದರು.

ಮ್ಯಾನೇಜರ್ ಬಂದು ನಿಂತರು. "ಅಕ್ಕ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಇನ್ನೊಂದು ಸಲ ಹೀಗಾದ್ರೆ ನಾನು ಏನಂತ ಉತ್ತರ ಹೇಳ್ಲಿ? ಸೋಮವಾರ ಬಿಲ್ ಸೆಕ್ಷನ್‌ಗೆ ಬಂದ್ಬಿಡಿ."

ಅಕ್ಕ ತಲೆಯಾಡಿಸಿದರು. ಕತ್ತು ನೋಯುತ್ತಿದ್ದುದರಿಂದ ಅದೂ ಅರ್ಧಕ್ಕೇ ನಿಂತಿತು.

ಮರುದಿನ ಬೆಳಿಗ್ಗೆ ಅವರು ಬಂದವರೇ ನನ್ನನ್ನು ವಿಚಾರಿಸಿದ್ದು ಮಗುವಿನ ಬಗ್ಗೆ. ಆಫೀಸಿನ ಮಾತೇ ಇಲ್ಲ.

"ನಿನ್ನ ಮಗು ಮಧ್ಯಾಹ್ನ ಮಲಗಿದಾಗ ನೀನು ಪಾತ್ರೆ ತೊಳೆದ್ರೆ ಏಳುತ್ತಾ?"

"ಇಲ್ಲ ಅಕ್ಕ. ರಜೆ ದಿನ ನೋಡಿದೀನಲ್ಲ. ಪಾತ್ರೆ ಎಷ್ಟು ಬಡಿದ್ರೂ, ಜಪ್ಪಯ್ಯ ಅಂದ್ರೂ ಏಳಲ್ಲ. ನಾನು ಕೆಲಸ ಮುಗಿಸಿ ಸುಮ್ಮನಾದೆ ಅನ್ನಿ, ಆಗ ಅಳು ಶುರು."

"ಯಾಕೆ?"

"ಸದ್ದು ನಿಂತ್ರೆ ಅಮ್ಮ ಎಲ್ಲಿ ಹೋದ್ಲೋ ಅಂತ ಇರ್ಬೇಕು."

ಅಕ್ಕ ಮೇಜನ್ನು ಅಂಗೈಯಿಂದ ಒಮ್ಮೆ ತಟ್ಟಿದರು. "ನೋಡಿದ್ಯಾ? ರಿಸೀವರ್ ಮೇಲೆ ಕೈ ಇಟ್ಟು ನಾನು ಮೇಸ್ತ್ರೀನ ಕೂಗ್ತಿದ್ನಲ್ಲ, ಅದು ಆ ಕಡೆಯವರಿಗೆ ಅಷ್ಟಿಷ್ಟು ಕೇಳಿಸ್ತಿತ್ತು ಕಣೇ. ನಾನು ಕೇಳಿಸಲ್ಲ ಅಂದ್ಕೊಂಡಿದ್ದೆ. ನನ್ನ ಕೂಗಾಟ ಕೇಳಿಯೇ ಅವರಿಗೆ ಧೈರ್ಯ ಬರ್ತಿತ್ತು. ಈ ಗುಂಡಿ ಒತ್ತಿದ್ರೆ ಮನೆಯಲ್ಲಿ ಪಾತ್ರೆ ಸದ್ದೇ ನಿಂತು ಹೋದ ಹಾಗೆ."

ಹೀಗೆ ಹೊಳೆದದ್ದನ್ನು ಹೊಳೆದ ಹಾಗೇ ನಂಬಿಬಿಡುವವರಲ್ಲ ಅಕ್ಕ. ನಮ್ಮ ಹಿಂದಿನ ಶೆಡ್ಡಿನಲ್ಲಿ, ಹೊಸ ಮೆಕ್ಯಾನಿಕ್‌ಗಳಿಗೆ ಕೆಲಸ ಕಲಿಸಲು ಒಂದು ಹಳೆಯ ಲಿಫ್ಟ್ ಪೆಟ್ಟಿಗೆ ನಿಲ್ಲಿಸಿದ್ದಾರೆ. ಹಳದಿ ಗುಂಡಿ, ಫೋನು ಎಲ್ಲಾ ಅದರಲ್ಲೂ ಇದೆ. ನನ್ನನ್ನು ಅದರೊಳಗೆ ಹೊಗಿಸಿ, ದೀಪ ಆರಿಸಿ, ಬಾಗಿಲು ಮುಚ್ಚಿಸಿ, ತಾವು ಮೇಜಿಗೆ ಹೋಗಿ ನನ್ನ ಕರೆ ಎತ್ತಿಕೊಂಡರು. ಮೊದಲು ಆ ಠೀವಿಯ ಹೆಡ್‌ಸೆಟ್. ಅಕ್ಕ ಮಾತಾಡುವಷ್ಟು ಹೊತ್ತು ಪಕ್ಕದಲ್ಲೇ ಕೂತಷ್ಟು ಸ್ಪಷ್ಟ. ಮಾತು ನಿಲ್ಲಿಸಿದರೋ, ಬಾವಿಗೆ ಇಳಿಬಿಟ್ಟ ಹಾಗೆ. ನಾಟಕವೆಂದು ಗೊತ್ತಿದ್ದೂ ಕತ್ತಲೆಯಲ್ಲಿ ಬಾಗಿಲಿಗಾಗಿ ತಡಕಾಡಿದೆ. ಮ್ಯೂಟ್ ಒತ್ತದಿದ್ದಾಗಲೂ ಅಷ್ಟೇ. ಸೋಸುವುದರಲ್ಲಿ ಅದು ಅಷ್ಟು ಗಟ್ಟಿ.

ಆಮೇಲೆ ಮೂರನೆಯದು. ಇದು ಒಂದೇ ಕಿವಿಗೆ ಹಾಕುವ ಹಗುರ ಹೆಡ್‌ಸೆಟ್. ತಲೆಯ ಮೇಲೊಂದು ತೆಳು ಪಟ್ಟಿ. ಯಾರೂ ಅದರ ಡಬ್ಬಿಯನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಅಕ್ಕನ ಮಾತಿನ ಹಿಂದೆ ನನಗೆ ಕುರ್ಚಿ ಸರಿದದ್ದು ಕೇಳಿಸಿತು. ಯಾರೋ ಸೀನಿದರು. ಚಪ್ಪಲಿಯ ಸದ್ದು, ಬೀಗದಕೈ ಸದ್ದು, ಎಲ್ಲೋ ದೂರದಲ್ಲಿ ಮೇಸ್ತ್ರಿಯ ನಗು. ಕತ್ತಲೆ ಅಷ್ಟೇ ಇತ್ತು, ಆದರೆ ನಾನು ಆಫೀಸಿನ ನಡುವೆ ಕೂತಿದ್ದೆ.

ಹುಡುಗಿಗೆ ಫೋನ್ ಮಾಡಿ ಹೇಳಿದರೆ ಅವಳಿಗೆ ಆಶ್ಚರ್ಯ. "ಅದು ಸಾದಾ ಮಾಡೆಲ್ ಮೇಡಂ, ಹಿಂದಿನ ಗದ್ದಲ ಸ್ವಲ್ಪ ಆ ಕಡೆಯವರಿಗೂ ಹೋಗುತ್ತೆ."

"ಹೋಗ್ಲಿ ಅಂತಲೇ ಕೇಳ್ತಿರೋದು ಕಣಮ್ಮ. ಇನ್ನೂ ಸ್ವಲ್ಪ ಹೋಗೋ ಹಾಗೆ ಮಾಡ್ಬಹುದಾ?"

ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ತಾನೇ ಬಂದು ಅದರೊಳಗಿನ ಸೆಟ್ಟಿಂಗ್ ಬದಲಿಸಿಕೊಟ್ಟಳು. ಹೆಡ್‌ಸೆಟ್ಟಿಗೆ ಸಿಗ್ನಲ್ ಕಳಿಸುವ ಪುಟ್ಟ ಡಬ್ಬಿಯನ್ನು ಕಬ್ಬಿಣದ ಬೀರುವಿನ ಪಕ್ಕದಿಂದ ತೆಗೆಸಿ ಕಿಟಕಿಯ ಕಟ್ಟೆಗೆ ಇಡಿಸಿದ್ದೂ ಅವಳೇ. ಹಾಗಿಟ್ಟ ಮೇಲೆ ಮೆಕ್ಯಾನಿಕ್‌ಗಳ ಕೋಣೆಯ ಬಾಗಿಲ ತನಕ ಮಾತು ಕಡಿಯದೆ ಬಂತು. ಬಾಗಿಲು ದಾಟಿದರೆ ಮಾತ್ರ ಕರಕರ. ಮೇಸ್ತ್ರಿ ನೆಲದ ಮೇಲೆ ಅಂಟುಪಟ್ಟಿ ಹಚ್ಚಿ, "ಲಕ್ಷ್ಮಣರೇಖೆ ಎಳೆದಿದೀನಿ ಫೋನಕ್ಕ. ದಾಟಿದ್ರೆ ನಾನು ಜವಾಬ್ದಾರನಲ್ಲ," ಎಂದ. ಇನ್ನು ಮ್ಯೂಟ್ ಗುಂಡಿ. ಅದರ ಮೇಲೆ ಅಕ್ಕ ಗಾಯಕ್ಕೆ ಹಚ್ಚುವ ಪಟ್ಟಿಯ ತುಂಡು ಅಂಟಿಸಿ, ಅದನ್ನು ಉಗುರಿನಿಂದ ಒತ್ತಿ ಒತ್ತಿ ಗಟ್ಟಿ ಮಾಡಿದರು.

ಅದಾದ ಮೇಲೆ ಅವರು ಮ್ಯಾನೇಜರ ಕೋಣೆಯ ಬಾಗಿಲು ತಟ್ಟಿದ್ದು ನನಗೆ ತುಂಬ ದೊಡ್ಡ ಧೈರ್ಯವಾಗಿ ಕಂಡಿತು. ಮೊದಲ ಸಲ ತಾವೇ ಆರಿಸಿ, ತಾವೇ ತಪ್ಪಿ, ಒಬ್ಬಾಕೆಯ ಕೈಗೆ ಗಾಯವಾದ ಮೇಲೆ ಮತ್ತೆ ಹೋಗಿ ಕೇಳುವುದು ಸಣ್ಣ ಮಾತಲ್ಲ. ನಾನಾಗಿದ್ದರೆ ಬಿಲ್ ಸೆಕ್ಷನ್ನಿನ ಕಿಟಕಿ ಪಕ್ಕ ಹೋಗಿ ಕೂತಿರುತ್ತಿದ್ದೆ.

"ಸರ್, ಬಿಲ್ ಸೆಕ್ಷನ್‌ಗೆ ಹೋಗಲ್ಲ ಅಂತ ಹೇಳೋಕೆ ಬಂದಿಲ್ಲ. ಒಂದೇ ಒಂದು ಸಲ ಶೆಡ್ಡಿಗೆ ಬನ್ನಿ. ಪೆಟ್ಟಿಗೆ ಒಳಗೆ ಕೂತ್ಕೊಳ್ಳಿ. ಆಮೇಲೆ ನೀವು ಹೇಳಿದ ಹಾಗೆ."

ಅವರು ಬಂದರು, ಕೂತರು. ಬಾಗಿಲು ಮುಚ್ಚಿತು. ಎರಡನೆಯ ಹೆಡ್‌ಸೆಟ್ಟಿನಲ್ಲಿ ಅಕ್ಕ ಎರಡು ಮಾತಾಡಿ ಮ್ಯೂಟ್ ಒತ್ತಿದರು. ಆಫೀಸಿನಲ್ಲಿ ನಾವೆಲ್ಲ ಫೋನಿನ ಸ್ಪೀಕರಿಗೆ ಕಿವಿಗೊಟ್ಟಿದ್ದೆವು. ಮ್ಯಾನೇಜರ್ ಮೊದಲು ಕೆಮ್ಮಿದರು. ಆಮೇಲೆ, "ಹಲೋ?" ಎಂದರು. ಆಮೇಲೆ ತಮ್ಮನ್ನು ಹಾಕಿದ್ದು ಪರೀಕ್ಷೆಗೆ ಎನ್ನುವುದೂ ಮರೆತುಹೋಗಿ, "ಯಾರ್ರೀ ಅಲ್ಲಿ? ಇದೀರಾ?" ಎಂದು ಬಾಗಿಲು ತಟ್ಟಿದರು.

ಅಕ್ಕ ತಕ್ಷಣ ಮೂರನೆಯದನ್ನು ಹಾಕಿಕೊಂಡು ಲೈನಿಗೆ ಬಂದರು. "ಇದೀನಿ ಸರ್. ಈಗ ಕುರ್ಚಿಯಿಂದ ಎದ್ದೆ. ಬೀಗದಕೈ ತಗೊಳ್ಳೋಕೆ ಹೋಗ್ತಿದೀನಿ, ಕೇಳಿಸ್ತಾ? ಇದೇ ನಿಮ್ಮ ಬೀಗದಕೈ. ಈಗ ಓಣೀಲಿ ನಡೀತಿದೀನಿ. ಮೇಸ್ತ್ರಿ ಊಟಕ್ಕೆ ಕೂತಿದಾನೆ. ಏಳಪ್ಪ ಮೇಸ್ತ್ರಿ."

"ಯಾರು ಸಿಕ್ಕಾಕೊಂಡಿರೋದು?" ಎಂದ ಮೇಸ್ತ್ರಿ, ಬೇಕೆಂದೇ ದನಿ ಏರಿಸಿ.

"ಮ್ಯಾನೇಜರು."

"ಹಾಗಾದ್ರೆ ಊಟ ಮುಗಿಸ್ಕೊಂಡೇ ಹೋಗ್ತೀನಿ ಬಿಡಿ. ಇವತ್ತು ಒಂದು ದಿನ ಯಾರೂ ರಿಪೋರ್ಟು ಕೇಳಲ್ಲ."

ಸ್ಪೀಕರಿನಿಂದ ಗಹಗಹಿಸಿ ನಕ್ಕ ಸದ್ದು ಬಂತು. ನಮ್ಮ ಮ್ಯಾನೇಜರ್ ಅಷ್ಟು ಗಟ್ಟಿಯಾಗಿ ನಗುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ.

ಹೊರಗೆ ಬಂದಾಗ ಅವರು ಕರ್ಚೀಫಿನಿಂದ ಹಣೆ ಒರೆಸಿಕೊಂಡರು. ಅಕ್ಕನ ಕಿವಿಯ ಮೇಲಿದ್ದ ಆ ಸಾದಾ ಹೆಡ್‌ಸೆಟ್ ಅನ್ನೂ, ಅದರ ಮೇಲಿನ ಪಟ್ಟಿಯ ತುಂಡನ್ನೂ ನೋಡಿದರು. "ಸೋಮವಾರ ನೋಡೋಣ," ಎಂದಷ್ಟೇ ಹೇಳಿ ಹೋದರು. ಆ "ನೋಡೋಣ" ಯಾವ ಕಡೆಯದು ಎಂದು ನಾವು ತಲೆ ಕೆಡಿಸಿಕೊಂಡೆವು. ಅಕ್ಕ ಮಾತ್ರ ಮೇಜಿನ ಮೇಲಿದ್ದ ತಮ್ಮ ಬಾಚಣಿಗೆ, ಮುಲಾಮು, ಚಹಾದ ಲೋಟ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಟ್ಟು ಮನೆಗೆ ಹೋದರು. ಆಸೆ ಇಟ್ಟುಕೊಂಡೂ ಗಂಟು ಕಟ್ಟಿಡುವುದು ಅವರ ಸ್ವಭಾವ.

ಸೋಮವಾರ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಅಕ್ಕ ಆಗಲೇ ಕರೆಯಲ್ಲಿದ್ದರು. ಯಾವುದೋ ಅಪಾರ್ಟ್‌ಮೆಂಟಿನಲ್ಲಿ ವಯಸ್ಸಾದ ತಾಯಿಯೊಬ್ಬರು ಸಿಕ್ಕಿಕೊಂಡಿದ್ದರು. ಜೊತೆಯಲ್ಲಿ ಯಾರೂ ಇಲ್ಲ. ಅಕ್ಕ ಹೆಡ್‌ಸೆಟ್ ಹಾಕಿಕೊಂಡು, ಎರಡೂ ಕೈ ಬೀಸಿಕೊಂಡು, ಕಪಾಟಿಗೂ ಓಣಿಗೂ ನಡುವೆ ಓಡಾಡುತ್ತಾ ಮಾತಾಡುತ್ತಿದ್ದರು. ಮೇಸ್ತ್ರಿ ಬೀಗದಕೈ ಕಿತ್ತುಕೊಂಡು ಹೊರಟೂ ಆಗಿತ್ತು.

ಅಷ್ಟರಲ್ಲಿ ಬಿಲ್ ಸೆಕ್ಷನ್ನಿನ ಗುಮಾಸ್ತರು ಬಾಗಿಲಲ್ಲಿ ಕಾಣಿಸಿಕೊಂಡರು. ಪಾಪ, ಅಕ್ಕನ ಕತ್ತಿಗೆ ಹಿತವಾಗಲೆಂದು ಎತ್ತರದ ಬೆನ್ನಿರುವ ಕುರ್ಚಿಯೊಂದನ್ನು ಎಲ್ಲಿಂದಲೋ ಹುಡುಕಿ, ಇದು ಸರಿಹೋಗುತ್ತದಾ ಎಂದು ತೋರಿಸಲು ತಾವೇ ಹೊತ್ತುಕೊಂಡು ಬಂದಿದ್ದರು. ಏದುಸಿರು ಬಿಡುತ್ತಾ ಅದನ್ನು ಇಳಿಸಿ ನಿಂತರು. ಅಕ್ಕ ಅವರನ್ನೂ ಕುರ್ಚಿಯನ್ನೂ ನೋಡಿದರು. ಮಾತು ಮಾತ್ರ ನಿಲ್ಲಿಸಲಿಲ್ಲ. ನಾನು ಅವರ ಮುಖ ನೋಡಲಾರದೆ ಕೀಬೋರ್ಡು ನೋಡಿದೆ.

ಮ್ಯಾನೇಜರ್ ತಮ್ಮ ಕೋಣೆಯಿಂದ ಹೊರಗೆ ಬಂದರು. ಸ್ವಲ್ಪ ಹೊತ್ತು ನಿಂತು, ಅಕ್ಕ ಹೇಳುತ್ತಿದ್ದುದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಗುಮಾಸ್ತರ ಭುಜ ಮುಟ್ಟಿ, ಕುರ್ಚಿಯ ಕಡೆಗೂ ಬಾಗಿಲ ಕಡೆಗೂ ಕೈ ತೋರಿಸಿದರು. ಗುಮಾಸ್ತರು ಇನ್ನೊಮ್ಮೆ ಉಸಿರು ಬಿಟ್ಟು ಕುರ್ಚಿಯನ್ನು ತಲೆಯ ಮೇಲೆತ್ತಿಕೊಂಡರು. ಅದರ ಕಾಲು ಬಾಗಿಲಿಗೆ ಢಬ್ ಎಂದು ಬಡಿಯಿತು. ಆ ಸದ್ದು ಲಿಫ್ಟಿನಲ್ಲಿ ಕೂತಿದ್ದ ತಾಯಿಗೂ ಕೇಳಿಸಿರಬೇಕು.

"ಏನಿಲ್ಲಮ್ಮ," ಎಂದರು ಫೋನಕ್ಕ. ದನಿ ಒಂದಿಷ್ಟು ನಡುಗಿತು, ಆದರೆ ನಿಲ್ಲಲಿಲ್ಲ. "ನನ್ನನ್ನ ಕರ್ಕೊಂಡು ಹೋಗೋಕೆ ಒಬ್ರು ಕುರ್ಚಿ ತಂದಿದ್ರು. ಈಗ ವಾಪಸ್ ಹೊತ್ಕೊಂಡು ಹೋಗ್ತಿದಾರೆ. ನಾನೆಲ್ಲೂ ಹೋಗಲ್ಲ. ನೀವು ಹೇಳಿ, ಮೊಮ್ಮಗಳು ಆಮೇಲೆ ಏನಂದ್ಲು?"